ನೈಟ್ ಶಿಫ್ಟ್ ವಾರದ ಹಾಡು

ಈ ಏಪ್ರಿಲ್‌ನಲ್ಲಿ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಮೂರು ದಿನ ಮಧ್ಯಾಹ್ನದ ಹೊತ್ತು ಕರೆಂಟ್ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂದರು. ಅಪ್ಪನಿಗೆ ಈಗ ಎಂಬತ್ತು. ಭದ್ರಾವತಿಯ ಕಾರ್ಖಾನೆಯಿಂದ ರಿಟೈರ್ ಆಗಿ ಇಪ್ಪತ್ತು ವರ್ಷ ದಾಟಿದರೂ ಅವರ ಮೈ ಇನ್ನೂ ಶಿಫ್ಟಿನ ಲೆಕ್ಕ ಬಿಟ್ಟಿಲ್ಲ. ರಾತ್ರಿ ಕಣ್ಣು ಬಿಟ್ಟುಕೊಂಡು ಕೂತಿರುತ್ತಾರೆ, ಹಗಲು ಮಲಗುತ್ತಾರೆ. ಫ್ಯಾನ್ ನಿಂತ ಮೊದಲ ದಿನ ಅವರು ಹೊರಳಾಡಿ ಹೊರಳಾಡಿ ಕೊನೆಗೆ, "ಟ್ರಂಕಲ್ಲಿ ಹಳೇ ಕಂಬಳಿ ಇದೆಯಲ್ಲ, ಅದನ್ನ ನೆನೆಸಿ ಕಿಟಕಿಗೆ ಕಟ್ಟೆ" ಅಂದರು. ಬಚ್ಚಲಲ್ಲಿ ಕಂಬಳಿಯನ್ನು ನೀರಿಗೆ ಹಾಕಿದ್ದೇ ತಡ, ಆ ವಾಸನೆ ಎದ್ದಿತು. ಎಷ್ಟು ವರ್ಷ ಒಗೆದರೂ ಕುರಿಯ ನೆನಪು ಬಿಡದ ಒದ್ದೆ ಉಣ್ಣೆಯ ವಾಸನೆ. ಅದರ ಹಿಂದೆಯೇ ಇಂಗ್ರಿಡ್ ನೆನಪಾದರು. ಅವರು ನೆನಪಾಗದಿರಲಿ ಎಂದು ಬಹಳ ವರ್ಷ ಪ್ರಯತ್ನಪಟ್ಟವಳು ನಾನು.

ಅದು ತೊಂಬತ್ತೇಳನೇ ಇಸವಿ. ಶಿವಮೊಗ್ಗದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು ಬಿ.ಎ. ಮುಗಿಸಿ, ಭದ್ರಾವತಿಯ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ನಮ್ಮದು ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್. ಎದುರುಬದುರು ಎರಡು ಸಾಲು, ಒಟ್ಟು ನಲವತ್ತು ಮನೆ, ಮನೆಗೆ ಎರಡೇ ಕೋಣೆ. ಅದಕ್ಕೆ ನಾವು ಲೈನ್ ಅನ್ನುತ್ತಿದ್ದೆವು. ಲೈನಿನ ಗಂಡಸರೆಲ್ಲ ಹೆಚ್ಚುಕಮ್ಮಿ ಒಂದೇ ಕುಲುಮೆಯವರು, ಒಂದೇ ತಂಡದವರು. ಹಾಗಾಗಿ ಶಿಫ್ಟ್ ಬದಲಾದರೆ ಇಡೀ ಲೈನಿಗೆ ಒಟ್ಟಿಗೆ ಬದಲಾಗುತ್ತಿತ್ತು. ಒಂದು ವಾರ ಬೆಳಗಿನ ಶಿಫ್ಟ್, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ನೈಟ್. ಕನ್ನಡ, ತಮಿಳು, ತೆಲುಗು ಎಲ್ಲ ಅಲ್ಲಿ ಒಂದೇ ನಲ್ಲಿಯ ಮುಂದೆ ಜಗಳ ಆಡುತ್ತಿದ್ದವು. ಲೈನಿನ ಕೊನೆಗೆ ತಮಿಳು ಕ್ರೈಸ್ತ ಕುಟುಂಬಗಳ ಒಂದು ಪುಟ್ಟ ಚರ್ಚು, ಅದರ ಹೆಂಚಿನ ಹಾಲ್ ನಮ್ಮ ಮನೆಯ ಗೋಡೆಗೆ ಆತುಕೊಂಡಂತೆ. ಮೇ ಕೊನೆಯಲ್ಲಿ ಅಲ್ಲಿನ ಪಾಸ್ಟರ್ ಮನೆಗೆ ಬಂದು, "ನಾರ್ವೆಯಿಂದ ಒಬ್ಬರು ಮೇಡಂ ಬರ್ತಾ ಇದಾರೆ. ಇಂಗ್ಲಿಷ್‌ನಲ್ಲಿ ಮಾತಾಡ್ತಾರೆ, ಕನ್ನಡ ಮಾಡಿ ಹೇಳೋಕೆ ಒಬ್ಬರು ಬೇಕು. ನಿಮ್ಮ ಮಗಳು ಬರ್ತಾಳಾ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಅಕ್ಕಿಯ ಮೊರ ಕೆಳಗಿಟ್ಟೆ.

ಇಂಗ್ರಿಡ್ ಬಂದದ್ದು ಜೂನ್ ಮೊದಲ ವಾರ, ಸುರಿಯುವ ಮಳೆಯಲ್ಲಿ. ಐವತ್ತೆಂಟು ವರ್ಷ. ಎಷ್ಟು ಎತ್ತರವೆಂದರೆ ನಮ್ಮ ಲೈನಿನ ಯಾವ ಬಾಗಿಲೂ ಅವರಿಗೆ ಸಾಲದು. ಮೊದಲ ತಿಂಗಳು ಹಣೆಯ ಮೇಲೊಂದು ಬುಗುಟು ಖಾಯಂ ಇತ್ತು. ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಅವರ ಊರಿನ ಚರ್ಚಿನ ಸಭೆಯವರು ಒಂದು ವರ್ಷದ ಸೇವೆಗೆ ಕಳಿಸಿದ್ದರು. ಕೆಲಸ ಚೆನ್ನಾಗಿ ನಡೆದರೆ ಇನ್ನೂ ಮೂರು ವರ್ಷ. ಅವರು ಚಿಕ್ಕವರಿದ್ದಾಗ ಚರ್ಚಿನ ಗೋಡೆಯಲ್ಲಿ ಒಂದು ಭೂಪಟ ಇತ್ತಂತೆ. ಅದರಲ್ಲಿ ನಮ್ಮ ದಿಕ್ಕಿಗೆ ಒಂದು ಕೆಂಪು ಗುಂಡುಸೂಜಿ ಚುಚ್ಚಿತ್ತಂತೆ. "ಐವತ್ತು ವರ್ಷ ಆ ಸೂಜಿಯನ್ನೇ ನೋಡುತ್ತಿದ್ದೆ" ಅಂದರು. ಹೆಸರು ನಮ್ಮವರ ನಾಲಿಗೆಗೆ ಹೊರಳಲಿಲ್ಲ. ವಾರದೊಳಗೆ ಇಂದ್ರಮ್ಮ ಆದರು.

ಇಂದ್ರಮ್ಮನ ಆಸೆ ತಾಯಂದಿರ ಒಂದು ಗಾಯನ ಮೇಳ ಕಟ್ಟುವುದು. ಹಾಲ್‌ನಲ್ಲಿ ಕಾಲಲ್ಲಿ ತುಳಿಯುವ ಒಂದು ಹಳೆಯ ಹಾರ್ಮೋನಿಯಂ ಇತ್ತು. ಇಲಿ ಕಡಿದ ತಿದಿಯನ್ನು ಅವರೇ ಸೈಕಲ್ ಟ್ಯೂಬಿನ ತುಂಡು ಹಚ್ಚಿ ರಿಪೇರಿ ಮಾಡಿದರು. ತಮ್ಮೂರಿನಲ್ಲಿ ಸಂಜೆ ಹೊತ್ತು ಹಾಡುವ ಒಂದು ಹಾಡನ್ನು ನನ್ನಿಂದ, ಪಾಸ್ಟರ್‌ರಿಂದ ಕನ್ನಡಕ್ಕೆ ಮಾಡಿಸಿದರು. ಮೇಳ ನೆಲೆಗೊಂಡರೆ ಅವರ ಸಭೆ ನನ್ನನ್ನು ಮದ್ರಾಸಿಗೆ ಎರಡು ವರ್ಷದ ತರಬೇತಿಗೆ ಕಳಿಸುತ್ತದೆ, ಆಮೇಲೆ ಯಾವುದಾದರೂ ಶಾಲೆಯಲ್ಲಿ ಕೆಲಸವೂ ಆಗುತ್ತದೆ ಅಂದರು. ನಿಜ ಹೇಳುತ್ತೇನೆ, ನನಗೆ ಹಾಡಿನ ಗೊಡವೆ ಇರಲಿಲ್ಲ. ನನಗೆ ಬೇಕಿದ್ದದ್ದು ಆ ಎರಡು ವರ್ಷ. ಲೈನ್ ಬಿಟ್ಟು, ನಲ್ಲಿಯ ಸರದಿ ಬಿಟ್ಟು, ಸೋದರತ್ತೆ ತರುತ್ತಿದ್ದ ಗಂಡುಗಳ ಜಾತಕ ಬಿಟ್ಟು ಹೋಗುವುದು ಬೇಕಿತ್ತು.

ಮೊದಲ ವಾರ ಏಳು ಜನ ಬಂದರು. ಎರಡನೇ ವಾರ ಗಂಡಸರಿಗೆ ಮಧ್ಯಾಹ್ನದ ಶಿಫ್ಟ್. ಹನ್ನೆರಡಕ್ಕೆಲ್ಲ ಅಡುಗೆ ಆಗಿ ಬುತ್ತಿ ಕಟ್ಟಿರಬೇಕು. ಹತ್ತು ಗಂಟೆಯ ಹಾಡಿಗೆ ಯಾರು ಬರುತ್ತಾರೆ? ಮೂರು ಜನ ಬಂದರು. ಇಂದ್ರಮ್ಮ ಶುಕ್ರವಾರ ಉಪವಾಸ ಮಾಡಿ ಪ್ರಾರ್ಥಿಸಿದರು. ಸೋಮವಾರ ನೋಡಿದರೆ ಹಾಲ್ ತುಂಬಿ ಹೋಗಿದೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಮೊರ, ಮೊಣಕಾಲಿಗೆ ಆತುಕೊಂಡ ಮಕ್ಕಳು. ಹೊರಗೆ ಚಪ್ಪಲಿ ಬಿಡಲು ಜಾಗ ಇಲ್ಲ. ಅವರು ನನ್ನ ಕೈ ಹಿಡಿದು ಅತ್ತರು. "ನೋಡಿದೆಯಾ, ದೇವರು ಕೇಳಿಸಿಕೊಂಡ" ಅಂದರು. ನಾನೂ ಹೌದು ಅಂದೆ.

ನನಗೆ ಗೊತ್ತಿತ್ತು, ಅದು ನೈಟ್ ಶಿಫ್ಟ್ ವಾರ. ರಾತ್ರಿಯೆಲ್ಲ ಕುಲುಮೆಯ ಮುಂದೆ ನಿಂತು ಬೆಳಿಗ್ಗೆ ಆರರ ಸೈರನ್ ಕೂಗಿದ ಮೇಲೆ ಬಂದವರು ಹಗಲು ಮಲಗಬೇಕು. ಎರಡು ಕೋಣೆಯ ಮನೆಯಲ್ಲಿ ಮಕ್ಕಳು ಕಿರುಚಿದರೆ ಮಲಗುವುದು ಹೇಗೆ? ಹಾಗಾಗಿ ಆ ವಾರ ನಮ್ಮ ಲೈನಿಗೆ ಬೇರೆಯೇ ಒಂದು ಶಾಸ್ತ್ರ. ಬೆಳಕೂ ಸದ್ದೂ ಬಾರದಂತೆ ಕಿಟಕಿಗೆಲ್ಲ ಒದ್ದೆ ಕಂಬಳಿ. ಕುಕ್ಕರ್ ಕೂಗಿಸುವಂತಿಲ್ಲ, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಬೇಕು. ಬಳೆಯನ್ನು ಮೊಣಕೈವರೆಗೆ ಏರಿಸಿಕೊಂಡು ಮುಸುರೆ ತಿಕ್ಕಬೇಕು. ಒಂಬತ್ತು ಗಂಟೆಗೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಮನೆಯಿಂದ ಹೊರಗೆ. ಬೇಸಿಗೆಯಲ್ಲಾದರೆ ಹುಣಸೇಮರದ ಬುಡ ಇತ್ತು. ಮಳೆಗಾಲದಲ್ಲಿ ಯಾರದೋ ಜಗುಲಿಯ ಅಂಚಿನಲ್ಲಿ ಸೆರಗು ಹೊದ್ದು ನಿಲ್ಲುತ್ತಿದ್ದರು. ಆ ವರ್ಷ ಹಾಲ್ ಬಾಗಿಲು ತೆರೆದಿತ್ತು, ಒಳಗೆ ಚಾಪೆ ಹಾಸಿತ್ತು, ಬಂದು ಕೂತರು. ಇದನ್ನು ಹೇಳಲು ಒಂದು ನಿಮಿಷ ಸಾಕಿತ್ತು. ಹೇಳಿದರೆ ನನ್ನ ಮದ್ರಾಸು ಮುಗಿಯಿತು ಅನ್ನಿಸಿತು.

ಅವತ್ತು ಇಂದ್ರಮ್ಮ ಉತ್ಸಾಹದಲ್ಲಿ ಹಾರ್ಮೋನಿಯಂ ತುಳಿದು ಗಟ್ಟಿಯಾಗಿ ಒಂದು ಸಾಲು ಹಾಡಿದರು. ಪಕ್ಕದ ಮನೆಯ ಸೆಲ್ವಿಯಕ್ಕ ಅದನ್ನು ಎತ್ತಿಕೊಂಡಳು. ಅವಳ ಗಂಟಲೋ, ನಲ್ಲಿ ಜಗಳದಲ್ಲಿ ತೇರ್ಗಡೆಯಾದದ್ದು. ಎರಡು ನಿಮಿಷಕ್ಕೆ ಬಾಗಿಲಲ್ಲಿ ಅಪ್ಪ ಬಂದು ನಿಂತರು. ಲುಂಗಿ, ಹೆಗಲ ಮೇಲೆ ಟವೆಲ್, ಕೆಂಡದಂಥ ಕಣ್ಣು. "ಏನಮ್ಮಾ, ಮನುಷ್ಯರು ಮಲಗೋದು ಬೇಡ್ವಾ?" ಅಂದರು. ಇಂದ್ರಮ್ಮ ನನ್ನ ಕಡೆ ತಿರುಗಿ ಏನಂತೆ ಎಂದು ಕೇಳಿದರು. "ನನ್ನ ಅಪ್ಪ. ನಿಮ್ಮನ್ನು ನೋಡಿ ಮಾತಾಡಿಸೋಣ ಅಂತ ಬಂದಿದ್ದಾರೆ" ಅಂದೆ. ಅವರು ಎದ್ದು ಎರಡೂ ಕೈ ಜೋಡಿಸಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಬೈಯಲು ಬಂದ ಅಪ್ಪ ಏನು ಮಾಡಬೇಕೋ ತೋಚದೆ ತಾವೂ ಒಂದು ನಮಸ್ಕಾರ ಹಾಕಿ ಮನೆಗೆ ಹೋದರು.

ಅಂದಿನಿಂದ ನೈಟ್ ವಾರದಲ್ಲಿ ಹೆಂಗಸರು ಪಿಸುಗುಟ್ಟಿ ಹಾಡತೊಡಗಿದರು. ಇಂದ್ರಮ್ಮ ಎರಡೂ ಕೈ ಮೇಲೆತ್ತಿ, "ಇನ್ನೂ ಜೋರಾಗಿ, ಎದೆಯಿಂದ" ಅನ್ನುತ್ತಿದ್ದರು. ನಾನು ಕನ್ನಡದಲ್ಲಿ, "ಬಾಯಿ ಆಡಿಸಿ ಸಾಕು" ಅನ್ನುತ್ತಿದ್ದೆ. ಸೆಲ್ವಿಯಕ್ಕ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಏನ್ ಮಾರಾಯ್ತಿ, ಆಯಮ್ಮ ಅಷ್ಟು ದೊಡ್ಡದಾಗಿ ಕೈ ಎತ್ತಿ ಹೇಳಿದ್ದು ಇಷ್ಟೇನಾ?" ಅಂದಿದ್ದಳು. ನಲವತ್ತು ಹೆಂಗಸರು ಪಿಸುಗುಟ್ಟುತ್ತಾರೆ. ಬೇರೆ ವಾರ ಬರುವ ಐದಾರು ಜನ ಮಾತ್ರ ಹೆಂಚು ಹಾರುವಂತೆ ಹಾಡುತ್ತಾರೆ. ಇದೇಕೆ ಹೀಗೆ ಎಂದು ಇಂದ್ರಮ್ಮನಿಗೆ ತಲೆಕೆಟ್ಟು ಹೋಯಿತು. ಊರಿನ ಸಭೆಗೆ ಪ್ರತಿ ತಿಂಗಳು ಬರೆಯುತ್ತಿದ್ದ ಪತ್ರವನ್ನು ನನಗೆ ಓದಿ ಹೇಳುತ್ತಿದ್ದರು. ಇಲ್ಲಿನ ತಾಯಂದಿರ ದನಿಗೆ ತುಂಬಾ ನಾಚಿಕೆ, ಜನ ಹೆಚ್ಚಾದಷ್ಟೂ ನಾಚಿಕೆ ಹೆಚ್ಚು, ನಿಧಾನವಾಗಿ ಬಿಡಿಸುತ್ತೇನೆ ಎಂದು ಬರೆದಿದ್ದರು. ನಾನು ತಲೆ ಆಡಿಸಿದೆ.

ಜುಲೈ, ಆಗಸ್ಟ್ ಹೀಗೇ ಹೋಯಿತು. ಹಾಲ್ ಖಾಲಿಯಾದ ವಾರಗಳ ಕೊನೆಗೆ ಅವರ ಶುಕ್ರವಾರದ ಉಪವಾಸ ತಪ್ಪುತ್ತಿರಲಿಲ್ಲ. ನಮ್ಮ ದೇವರುಗಳು ಹರಕೆ ಹೊತ್ತವರನ್ನು ವರ್ಷಗಟ್ಟಲೆ ಕಾಯಿಸುತ್ತಾರೆ. ಅವರ ದೇವರು ಮೂರು ವಾರಕ್ಕೊಮ್ಮೆ ಸರಿಯಾಗಿ ಕಿವಿಗೊಡುತ್ತಿದ್ದ. ಆ ಮಳೆಗಾಲದಲ್ಲಿ ಅವರಿಗೆ ಎರಡು ಸಲ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿ ಬಂದರು. ಬಟ್ಟೆ ಒಣಗುತ್ತಿರಲಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಭಾನುವಾರದ ಆರಾಧನೆಗೆ ಲೈನಿನಿಂದ ಹೊಸದಾಗಿ ಒಬ್ಬರೂ ಬರಲಿಲ್ಲ. ಎದುರು ಮನೆಯ ಮುದುಕ, "ಇವತ್ತು ಹಾಡು ಅಂತಾರೆ, ನಾಳೆ ಇನ್ನೇನೋ ಅಂತಾರೆ, ಹುಷಾರು" ಎಂದಾಗ ಅಮ್ಮ, "ಹಂಗಾದ್ರೆ ನಿಮ್ಮ ಜಗುಲೀಲಿ ನಲವತ್ತು ಜನಕ್ಕೆ ಜಾಗ ಮಾಡಿಕೊಡಿ" ಅಂದಳು. ಮುದುಕ ಮತ್ತೆ ಮಾತೆತ್ತಲಿಲ್ಲ. ಆದರೆ ಇಂದ್ರಮ್ಮ ದಿನದಿಂದ ದಿನಕ್ಕೆ ಸೋಲುತ್ತಿದ್ದರು. ಮಧ್ಯಾಹ್ನ ಹಾರ್ಮೋನಿಯಂ ಮೇಲೆ ಮೊಣಕೈ ಊರಿ ಸುಮ್ಮನೆ ಕೂತಿರುತ್ತಿದ್ದರು. ಅವರನ್ನು ನೋಡಿದರೆ ನನಗೂ ದಣಿವಾಗುತ್ತಿತ್ತು. ಸುಳ್ಳು ಹೊರುವುದೂ ಒಂದು ಕೂಲಿ ಕೆಲಸವೇ.

ನವೆಂಬರ್‌ನ ಒಂದು ನೈಟ್ ವಾರ ಅಮ್ಮನಿಗೆ ಜ್ವರ ಬಂತು. ಹಾಲ್‌ಗೆ ಬರದೆ ಹಿತ್ತಿಲ ಕಟ್ಟೆಯಲ್ಲಿ ಮಲಗಿದ್ದಳು. ನೈಟ್ ವಾರಗಳಲ್ಲಿ ಇಂದ್ರಮ್ಮನನ್ನು ನಾನು ಏನಾದರೊಂದು ನೆವ ಹೇಳಿ ಮನೆಗಳ ಕಡೆಗೆ ಬಿಡುತ್ತಿರಲಿಲ್ಲ. ಈ ಸಲ ಅವರು ಅಮ್ಮನ ಜ್ವರದ ಸುದ್ದಿ ತಿಳಿದು, ನನಗೆ ಹೇಳದೆಯೇ ಒಂದು ಡಬ್ಬಿಯಲ್ಲಿ ಸೂಪು ಮಾಡಿಕೊಂಡು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಬಾಗಿಲು ತಳ್ಳಿದರೆ ಒಳಗೆಲ್ಲ ಕತ್ತಲೆ. ಕಿಟಕಿಯ ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿದೆ. ನೆಲದ ಮೇಲೆ ಅಪ್ಪ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾರೆ. ಬರಿಮೈ, ತೋಳಿನ ತುಂಬ ಕಿಡಿ ಸಿಡಿದ ಚುಕ್ಕೆ ಚುಕ್ಕೆ ಕಲೆ. ಗೋಡೆ ಗಡಿಯಾರವನ್ನು ಟಿಕ್‌ಟಿಕ್ ಕೇಳಬಾರದೆಂದು ಚಾದರದಲ್ಲಿ ಸುತ್ತಿ ಮೂಲೆಯಲ್ಲಿಟ್ಟಿದೆ. ಹಿತ್ತಿಲ ಬಾಗಿಲಿನಿಂದ ಅಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಹಿಂದೆಯೇ ಓಡಿ ಬಂದೆ. ಅವರು ಡಬ್ಬಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು ಹೊರಗೆ ಬಂದು ಲೈನಿನ ಉದ್ದಕ್ಕೂ ನೋಡಿದರು. ಎರಡೂ ಸಾಲಿನಲ್ಲಿ ಒಂದೊಂದು ಕಿಟಕಿಗೂ ಕಂಬಳಿ. ಯಾರೋ ಒಬ್ಬಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹಾದು ಹೋದಳು.

ಹಾಲ್‌ಗೆ ಬಂದು ಎಲ್ಲರೂ ಹೋಗುವವರೆಗೂ ಅವರು ಚಾಪೆ ಸರಿಮಾಡುತ್ತ ಕಾದರು. ಆಮೇಲೆ, "ನಿನಗೆ ಯಾವತ್ತಿನಿಂದ ಗೊತ್ತು?" ಎಂದು ಕೇಳಿದರು.

"ಮೊದಲ ದಿನದಿಂದ."

"ನಾನು ಜೋರಾಗಿ ಅಂದಾಗ ನೀನು ಏನು ಹೇಳುತ್ತಿದ್ದೆ?"

ಹೇಳಿದೆ. "ಅಷ್ಟು ಶುಕ್ರವಾರ ನಾನು ಹಸಿದುಕೊಂಡಿದ್ದೆ. ನೀನು ನೋಡುತ್ತಿದ್ದೆ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅತ್ತೆ. ಅವರು ಅಳಲಿಲ್ಲ, ಸ್ವಲ್ಪ ಹೊತ್ತಿಗೆ ನಗಲು ಶುರು ಮಾಡಿದರು. ಸಂತೋಷದ ನಗು ಅಲ್ಲ. "ಐವತ್ತು ವರ್ಷ ನಾನು ಇವರಿಗೆ ಏನು ಕೊಡಬೇಕು ಅಂತ ಯೋಚಿಸಿದೆ. ಇವರಿಗೆ ಬೇಕಿದ್ದದ್ದು ತಲೆಯ ಮೇಲೊಂದು ಸೂರು. ಅದು ನಾನು ಬರುವ ಮೊದಲೇ ಇಲ್ಲಿತ್ತು, ಬೀಗ ತೆಗೆದಿದ್ದರೆ ಸಾಕಿತ್ತು."

ಮರುದಿನ ಅವರು ಹಾಡಿನ ಚಾರ್ಟನ್ನು ಗೋಡೆಯಿಂದ ಬಿಚ್ಚಿ ಸುತ್ತಿಟ್ಟರು. ಹಾಲ್ ಇನ್ನು ಬೆಳಿಗ್ಗೆ ಎಂಟಕ್ಕೇ ತೆರೆಯುತ್ತದೆ, ಹಾಡುವುದೇನೂ ಇಲ್ಲ, ಬಂದು ಕೂರಬಹುದು ಎಂದು ಹೇಳು ಅಂದರು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೆಲ್ವಿಯಕ್ಕ, "ಪಾವಂ, ಏನೋ ಬೇಜಾರಾಗಿದೆ ಇಂದ್ರಮ್ಮಂಗೆ" ಅಂದಳು, ಮತ್ತೆ ತನ್ನ ಮೊರ ಹತ್ತಿರ ಎಳೆದುಕೊಂಡಳು.

ಡಿಸೆಂಬರ್ ಬಂತು, ಅವರೆಕಾಯಿಯ ಕಾಲ. ಇಂದ್ರಮ್ಮ ಕುರ್ಚಿ ಬಿಟ್ಟು ಚಾಪೆಗೆ ಇಳಿದರು. ಆ ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಬದಿಗೆ ಮಡಚಿಕೊಂಡು ಕೂತು ಅವರೆ ಸುಲಿಯಲು ಕಲಿತರು. ನೆನೆಸಿದ ಕಾಳನ್ನು ಬೆರಳಲ್ಲಿ ಹಿತಕಿದರೆ ಬೇಳೆ ಚಂಗನೆ ಹಾರುತ್ತದೆ. ಅವರದ್ದು ಮಾತ್ರ ಯಾವಾಗಲೂ ಹಾರಿ ಯಾರದೋ ಕೂಸಿನ ತಲೆ ಮೇಲೆ ಬೀಳುತ್ತಿತ್ತು. ಹೆಂಗಸರು ಸದ್ದಿಲ್ಲದೆ ಮೈ ಕುಲುಕಿಸಿ ನಗುತ್ತಿದ್ದರು. ಹೀಗೆ ಕೈ ಕೆಲಸ ಮಾಡುತ್ತಿರುವಾಗ ಒಂದು ದಿನ ಯಾರೋ ಆ ಸಂಜೆಯ ಹಾಡನ್ನು ಗುನುಗಿದರು. ಇನ್ನೊಬ್ಬರು ಸೇರಿಕೊಂಡರು. ಕಲಿಸುವಾಗ ಬಾರದಿದ್ದ ಸ್ವರ ಕಲಿಸುವುದನ್ನು ಬಿಟ್ಟ ಮೇಲೆ ಸರಿಯಾಗಿ ಬಂದಿತ್ತು. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಇಂದ್ರಮ್ಮ ತಲೆ ಎತ್ತಿ ನೋಡಲೂ ಇಲ್ಲ, ಬೇಳೆ ಹಿತಕುತ್ತಲೇ ಇದ್ದರು.

ಅವರು ಬಿಟ್ಟರು. ನಾನು ಬಿಡಲಿಲ್ಲ. ಜನವರಿ ಕೊನೆಗೆ ನಾರ್ವೆಯ ಸಭೆಯಿಂದ ಇಬ್ಬರು ಮೇಳ ನೋಡಲು ಬರುತ್ತಾರೆ, ಇನ್ನು ಮೂರು ವರ್ಷದ ವಿಷಯ ತೀರ್ಮಾನ ಮಾಡುತ್ತಾರೆ ಎಂದು ಪತ್ರ ಬಂತು. ಅಪ್ಪನ ಶರ್ಟಿನ ಜೇಬಿನಲ್ಲಿದ್ದ ಶಿಫ್ಟ್ ಪಟ್ಟಿ ತೆಗೆದು ನೋಡಿದೆ. ಅದು ನೈಟ್ ವಾರವೇ. ಹಾಲ್ ತುಂಬಿರುತ್ತದೆ, ಬಾಯಿ ಮುಚ್ಚಿರುತ್ತದೆ. ಬೇರೆ ವಾರಕ್ಕೆ ಹಾಕಿದರೆ ಬಾಯಿ ತೆರೆಯುತ್ತದೆ, ಹಾಲ್ ಖಾಲಿ. ಅಪ್ಪನ ಹತ್ತಿರ ಹೋಗಿ, "ಒಂದೇ ಒಂದು ದಿನ, ಅರ್ಧ ಗಂಟೆ ಹಾಡ್ತಾರೆ. ಲೈನಿನವರಿಗೆ ನೀವು ಹೇಳಿ" ಎಂದು ಕೇಳಿದೆ.

ಅಪ್ಪ ತಕ್ಷಣ ಬೈಯಲಿಲ್ಲ. "ಅರ್ಧ ಗಂಟೆ ಎದ್ರೆ ಆಮೇಲೆ ಕಣ್ಣು ಹತ್ತಲ್ಲ ಕಣೆ. ರಾತ್ರಿ ಕಾದ ಲೋಹದ ಮುಂದೆ ತೂಕಡಿಸ್ತೀನಿ. ನಾನೊಬ್ಬ ಅಲ್ಲ, ಮೂವತ್ತು ನಲವತ್ತು ಜನ ತೂಕಡಿಸ್ತೀವಿ. ಯಾರಿಗಾದ್ರೂ ಏನಾದ್ರೂ ಆದ್ರೆ ನಿನ್ನ ಮದ್ರಾಸು ಬಂದು ನೋಡ್ಕೊಳ್ತದಾ?" ಅಂದರು. ನನ್ನ ಮದ್ರಾಸಿನ ವಿಷಯ ಅವರಿಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಹಟ ಹೋಗಲಿಲ್ಲ.

ಆ ಇಬ್ಬರು ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು, ಕೊರಳಲ್ಲಿ ಕ್ಯಾಮೆರಾ. ಹಾಲ್ ತುಂಬಿದೆ. ಮಕ್ಕಳು ಅರ್ಧಕ್ಕರ್ಧ ನಿದ್ದೆ ಹೋಗಿವೆ. ಅತಿಥಿಗಳು ಕುರ್ಚಿಯಲ್ಲಿ ಕೂತು ನಗುತ್ತ ಕಾದರು. ನಾನು ಹಾರ್ಮೋನಿಯಂ ಮುಚ್ಚಳ ತೆಗೆದು ಹೆಂಗಸರ ಕಡೆ ತಿರುಗಿ, ನಗುಮುಖ ಇಟ್ಟುಕೊಂಡೇ, "ಇವತ್ತೊಂದಿನ ಜೋರಾಗಿ ಹಾಡಿ. ಒಂದೇ ಹಾಡು. ನನಗೋಸ್ಕರ" ಅಂದೆ. ಯಾರೂ ಬಾಯಿ ತೆರೆಯಲಿಲ್ಲ. ಅಮ್ಮ ತಲೆ ತಗ್ಗಿಸಿದಳು. ಸೆಲ್ವಿಯಕ್ಕ ಮಾತ್ರ ನನ್ನ ಮುಖ ನೋಡಿ ಕರಗಿ ಗಂಟಲು ಸರಿಮಾಡಿಕೊಂಡಳು.

ಏಳು ತಿಂಗಳಲ್ಲಿ ಇಂದ್ರಮ್ಮನಿಗೆ ಅಷ್ಟು ಕನ್ನಡ ಬಂದಿತ್ತು ಎಂಬುದನ್ನು ನಾನು ಮರೆತಿದ್ದೆ. ಅವರು ಎದ್ದು ಬಂದು ಮುಚ್ಚಳವನ್ನು ನಿಧಾನವಾಗಿ ಹಾಕಿ ಅದರ ಮೇಲೆ ಕೈ ಇಟ್ಟುಕೊಂಡು ನಿಂತರು. ಅತಿಥಿಗಳಿಗೆ, "ಇವರು ಹಾಡುವುದಿಲ್ಲ. ಗಂಡಂದಿರು ಮಲಗಿದ್ದಾರೆ" ಅಂದರು. ಅಷ್ಟೇ. ಇನ್ನೇನೂ ವಿವರಿಸಲಿಲ್ಲ. ಅತಿಥಿಗಳು ಇನ್ನೊಂದಿಷ್ಟು ಹೊತ್ತು ಕೂತು, ಮಲಗಿದ ಮಕ್ಕಳ ಒಂದು ಫೋಟೊ ತೆಗೆದುಕೊಂಡು ಹೋದರು. ಹದಿನೈದು ದಿನಕ್ಕೆ ಪತ್ರ ಬಂತು. ಅವಧಿ ಮುಂದುವರಿಸುವುದಿಲ್ಲ, ಮಾರ್ಚ್‌ನಲ್ಲಿ ವಾಪಸ್ ಬನ್ನಿ ಎಂದಿತ್ತು. ನನ್ನ ತರಬೇತಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇಂದ್ರಮ್ಮ ನನ್ನ ಹೆಗಲು ಮುಟ್ಟಲು ಬಂದರು. ನಾನು ಸರಿದುಕೊಂಡೆ. ಆಮೇಲಿನ ಒಂದು ತಿಂಗಳು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆ.

ಅವರು ಹೊರಟ ದಿನವೂ ನೈಟ್ ವಾರ ಬಿದ್ದಿತ್ತು. ಬೆಳಿಗ್ಗೆ ಹತ್ತರ ಹೊತ್ತು. ಹಾಲ್‌ನಲ್ಲಿ ಹೆಂಗಸರೆಲ್ಲ ಸೇರಿದ್ದರು. ಯಾರೋ ಹಪ್ಪಳದ ಕಟ್ಟು ತಂದಿದ್ದರು, ಯಾರೋ ರವಿಕೆ ಕಣ, ಅಮ್ಮ ಒಂದು ಸೇರು ಒಣಗಿಸಿದ ಅವರೆಬೇಳೆ. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡರು. ಮೊದಲ ದಿನದ್ದೇ ಲುಂಗಿ, ಟವೆಲ್, ಕೆಂಪು ಕಣ್ಣು. ಹಿಂದೆ ಸೆಲ್ವಿಯಕ್ಕನ ಗಂಡ, ಇನ್ನೂ ನಾಲ್ಕೈದು ಜನ. ಅಪ್ಪ ಒಳಗೆ ಬರದೆ, ಹೊಸ್ತಿಲಾಚೆಯೇ ನಿಂತು, "ಹೋಗೋ ಮುಂಚೆ ಒಂದ್ಸಲ ಹಾಡ್ಸಿ ಅಮ್ಮಾ" ಅಂದರು.

ಇಂದ್ರಮ್ಮನಿಗೆ ಮಾತು ಅರ್ಥವಾಯಿತು, ಮನಸ್ಸು ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ, "ಅವರಿಗೆ ನಿಜವಾಗಿ ಬೇಕಾ? ಅಥವಾ ನಾನು ಹೋಗುತ್ತಿದ್ದೇನೆ ಅಂತ ಕೇಳುತ್ತಿದ್ದಾರಾ?" ಎಂದರು. ಮನೆಗೆ ಬಂದವರಿಗೆ ಊಟ ಮಾಡಿಕೊಂಡು ಹೋಗಿ ಅನ್ನುತ್ತೇವೆ, ಒಲೆ ಆರಿಸಿ ಗಂಟೆಯಾಗಿದ್ದರೂ. ಅವರಿಗೂ ಇದರ ಅನುಭವ ಎಷ್ಟೋ ಸಲ ಆಗಿತ್ತು, ಅದಕ್ಕೇ ಕೇಳಿದರು. ನನಗೆ ಸಾಕಾಗಿ ಹೋಗಿತ್ತು. ಅಪ್ಪನ ಮೇಲೆ, ಅವರ ಮೇಲೆ, ಆ ಹಾಡಿನ ಮೇಲೆ, ಎಲ್ಲದರ ಮೇಲೂ ಸಿಟ್ಟು. ಬೇಕಿದ್ದ ದಿನ ಬೇಡ ಅಂದವರು ಈಗೇಕೆ ಬಂದಿದ್ದಾರೆ? "ಉಪಚಾರಕ್ಕೆ ಕೇಳುತ್ತಿದ್ದಾರೆ. ನಮ್ಮಲ್ಲಿ ಹಾಗೆ" ಅಂದೆ.

ಇಂದ್ರಮ್ಮ ಅಪ್ಪನಿಗೆ ಕೈ ಮುಗಿದರು. ತಮ್ಮ ಒರಟು ಕನ್ನಡದಲ್ಲಿ, "ಬೇಡ. ನೀವು ಮಲಗಿ. ರಾತ್ರಿ ಕೆಲಸ ಇದೆ" ಅಂದರು. ಅಪ್ಪ ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು ವಾಪಸ್ಸು ಹೋದರು. ಹೆಂಗಸರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಲೈನಿನ ಕೊನೆಯವರೆಗೆ ಅವರ ಜೊತೆ ನಡೆದರು. ಇಂದ್ರಮ್ಮನೂ ತಮ್ಮ ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಕಾರು ಹತ್ತುವಾಗ ಹಾಕಿಕೊಂಡರು.

ನನ್ನ ಬದುಕೇನೂ ಕೆಟ್ಟುಹೋಗಲಿಲ್ಲ. ಎರಡು ವರ್ಷ ಬಿಟ್ಟು ಶಿವಮೊಗ್ಗದಲ್ಲೇ ಬಿ.ಎಡ್. ಮಾಡಿದೆ. ವಿದ್ಯಾನಗರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಗೋಪಾಳದಲ್ಲಿ ಮನೆಯಾಯಿತು. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಇಂದ್ರಮ್ಮ ಎರಡು ಪತ್ರ ಬರೆದರು. ನಾನು ಉತ್ತರಿಸಲಿಲ್ಲ. ಮೊದಲು ಸಿಟ್ಟಿಗೆ, ಆಮೇಲೆ ನಾಚಿಕೆಗೆ. ಮೂರನೆಯ ಪತ್ರ ಬಹಳ ವರ್ಷ ಬಿಟ್ಟು ಪಾಸ್ಟರ್ ಮೂಲಕ ಬಂತು. ಅವರ ತಂಗಿಯ ಮಗಳು ಬರೆದಿದ್ದು, ಅವರು ತೀರಿಕೊಂಡರೆಂದು. ಊರಿನ ಚರ್ಚಿನಲ್ಲಿ ಯಾರಾದರೂ ಭಾರತದ ಮೇಳ ಏನಾಯಿತು ಎಂದು ಕೇಳಿದರೆ, "ಅದು ಯಾರ ಕಿವಿಗೂ ಬೀಳಲಿಲ್ಲ, ಆದರೆ ಅವರೆಬೇಳೆ ತೆಗೆಯುವುದು ಕಲಿತೆ" ಅನ್ನುತ್ತಿದ್ದರಂತೆ.

ಈ ಏಪ್ರಿಲ್‌ನಲ್ಲಿ ಕಂಬಳಿ ಹಿಂಡಿ ತಂದು ಅಪ್ಪನ ಕೋಣೆಯ ಕಿಟಕಿಗೆ ಕಟ್ಟುತ್ತಿದ್ದೆ. ಕೋಣೆ ಕತ್ತಲಾಯಿತು. ನನಗೆ ಅರಿವಿಲ್ಲದೆ ಬಾಯಿಗೆ ಆ ಹಾಡು ಬಂದಿತ್ತು. ಗೊತ್ತಾದ ಕೂಡಲೇ ನಿಲ್ಲಿಸಿದೆ.

"ಯಾಕೆ ನಿಲ್ಸಿದೆ?" ಮಂಚದಿಂದ ಅಪ್ಪ ಕೇಳಿದರು.

"ನಿದ್ದೆ ಬಂದಿದೆ ಅಂದ್ಕೊಂಡೆ."

"ಹಗಲಲ್ಲಿ ನಿದ್ದೆ ಎಲ್ಲಿ ಬರ್ತಿತ್ತೆ. ಆವಾಗ್ಲೂ ಬರ್ತಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಕೊಂಡು ಬಿದ್ದಿರ್ತಿದ್ವಿ. ಕಣ್ಣು ಮುಚ್ಚಿದ್ರೂ ಬೆಂಕಿನೇ ಕಾಣೋದು. ಆ ವರ್ಷ ನೀವೆಲ್ಲ ಗೋಡೆ ಆಚೆ ಕೂತ್ಕೊಂಡು ಪಿಸಪಿಸ ಅಂತ ಹಾಡ್ತಿದ್ರಲ್ಲ, ಅದು ಕೇಳ್ತಾ ಕೇಳ್ತಾ ಒಂದಿಷ್ಟು ಕಣ್ಣು ಹತ್ತೋದು. ಸೆಲ್ವಿ ಗಂಡನೂ ಅದೇ ಅಂತಿದ್ದ. ಶಿಫ್ಟಲ್ಲಿ ಮಾತಾಡ್ಕೊಳ್ತಿದ್ವಿ, ಆಯಮ್ಮ ಬಂದ್ಮೇಲೆ ಹಗಲು ನಿದ್ದೆ ಬರ್ತಿದೆ ಅಂತ."

ಕಂಬಳಿಯ ಮೂಲೆ ನನ್ನ ಕೈಯಲ್ಲೇ ಇತ್ತು. ನೀರು ಮೊಣಕೈವರೆಗೆ ಇಳಿಯಿತು.

"ಅದಕ್ಕೇ ಹೋಗೋ ದಿನ ಬಂದು ಕೇಳಿದ್ದು, ಒಂದ್ಸಲ ಹಾಡ್ಸಿ ಅಂತ" ಅಂದರು ಅಪ್ಪ. "ಯಾಕೋ ಬೇಡ ಅಂದ್ಬಿಟ್ರು. ಬರೀ ಉಪಚಾರಕ್ಕೆ ಕೇಳ್ತಿದಾರೆ ಅಂದ್ಕೊಂಡ್ರೋ ಏನೋ."

"ನಾನೇ ಹಾಗೆ ಹೇಳಿದೆ ಅಪ್ಪ" ಅಂದೆ.

ಅಪ್ಪ ಗೋಡೆಯ ಕಡೆ ಹೊರಳಿ, "ಹೋಗ್ಲಿ. ಈಗ ಹಾಡು" ಅಂದರು.

ಮಂಚದ ಪಕ್ಕ ನೆಲದ ಮೇಲೆ ಕೂತೆ. ಗಟ್ಟಿಯಾಗಿ ಹಾಡೋಣ ಅಂದುಕೊಂಡೆ, ದೂರದಲ್ಲಿ ಇರುವವರಿಗೂ ಕೇಳುವ ಹಾಗೆ. ಆಗಲಿಲ್ಲ. ಆ ಹಾಡು ನನಗೆ ಪಿಸುದನಿಯಲ್ಲಿ ಬಿಟ್ಟು ಬೇರೆ ರೀತಿ ಬರುವುದಿಲ್ಲ. ಹಾಗೆಯೇ ಹಾಡಿದೆ. ಎರಡನೆಯ ಸಲ ಮುಗಿಯುವಷ್ಟರಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದರು.